ಪಟ ತಿದ್ದುವಲ್ಲಿ ಪದರಗಳ ಉಪಯೋಗ

(ಮಹಿಳಾ ಸಂಘಗಳು ಮತ್ತು ಯುವಕ ಸಂಘಗಳ ಸದಸ್ಯರಿಗಾಗಿ ನಡೆದ ತರಬೇತಿ ಶಿಬಿರದಲ್ಲಿ ಸ್ಟುಡಿಯೋ ಕೆಲಸಗಾರರೊಬ್ಬರು ಮಾಡಿದ ಭಾಷಣ. ಶಿಬಿರಕ್ಕೆ ಬರಲಾಗದವರ ಉಪಯೋಗಕ್ಕಾಗಿ ಇಲ್ಲಿ ಪ್ರಕಟಿಸಿದೆ.)



ನಾನು ಭಾಷಣ ಮಾಡಿ ಅಭ್ಯಾಸವಿರುವವನಲ್ಲ. ಹೋಬಳಿ ಊರಿನಲ್ಲಿ ಒಂದು ಚಿಕ್ಕ ಫೋಟೋ ಸ್ಟುಡಿಯೋ ಇಟ್ಟುಕೊಂಡು, ಲಗ್ನದ ಕಾಲದಲ್ಲಿ ಲಗ್ನಪತ್ರಿಕೆ, ಉಳಿದ ಕಾಲದಲ್ಲಿ ಅಂಗಡಿಯ ಬೋರ್ಡು, ಚೀಲದ ಮೇಲಿನ ಅಚ್ಚು, ಹೀಗೆ ಸಿಕ್ಕಿದ ಕೆಲಸ ಮಾಡಿಕೊಂಡು ಬಂದವನು. ಶಿಬಿರದ ವ್ಯವಸ್ಥಾಪಕರು ನನ್ನಲ್ಲಿಗೆ ಬಂದು, ಕಂಪ್ಯೂಟರಿನಲ್ಲಿ ಪಟ ತಿದ್ದುವುದನ್ನು ನಮ್ಮವರಿಗೆ ಹೇಳಿಕೊಡಬೇಕು ಎಂದು ಕೇಳಿದಾಗ, ಒಂದು ಗಂಟೆಯಲ್ಲಿ ಅದನ್ನೆಲ್ಲ ಹೇಳುವುದು ಆಗದ ಮಾತು ಎಂದೆ. ಕೊನೆಗೆ ಒಂದೇ ಒಂದು ವಿಷಯ ಹೇಳುವುದೆಂದು ಒಪ್ಪಿಕೊಂಡು ಬಂದಿದ್ದೇನೆ. ಆ ವಿಷಯಕ್ಕೆ ಇಂಗ್ಲಿಷಿನಲ್ಲಿ ಲೇಯರ್ ಎನ್ನುತ್ತಾರೆ. ನಾವು ಪದರ ಎನ್ನೋಣ.

ಇದೊಂದನ್ನೇ ಏಕೆ ಆರಿಸಿಕೊಂಡೆ ಎಂದರೆ, ಇದನ್ನು ತಿಳಿಯದೆ ಕೆಲಸಕ್ಕೆ ಕೈಹಾಕಿ ನಾನು ಒಂದು ಮನೆಯವರಿಗೆ ನಷ್ಟ ಮಾಡಿದ್ದೇನೆ. ಹಣ ಕೊಟ್ಟು ತುಂಬಿಕೊಡಬಹುದಾದ ನಷ್ಟ ಅದಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

2006ನೆಯ ಇಸವಿ. ಪಕ್ಕದ ಹಳ್ಳಿಯ ಒಬ್ಬ ತಾಯಿ, ತೀರಿಹೋದ ತಮ್ಮ ಯಜಮಾನರ ಫೋಟೋ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದರು. ಅಂಗೈಯಗಲದ ಕಪ್ಪುಬಿಳುಪು ಪಟ. ನಡುವೆ ಮಡಿಕೆ ಬಿದ್ದು ಬಿರುಕು ಬಿಟ್ಟಿತ್ತು, ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು, ಮುಖದ ಮೇಲೆಲ್ಲ ಚುಕ್ಕಿಚುಕ್ಕಿಯಾಗಿ ಕಲೆ. "ದೊಡ್ಡದು ಮಾಡಿ ಕಟ್ಟು ಹಾಕ್ಸಿಕೊಡಿ ಅಣ್ಣಾ, ವರ್ಷದ ತಿಥಿ ಹತ್ರ ಬಂತು" ಎಂದರು. ಆ ಮನೆಯಲ್ಲಿ ಇದ್ದುದು ಅದೊಂದೇ ಪಟ.

ನಾನು ಅದನ್ನು ಸ್ಕ್ಯಾನ್ ಮಾಡಿಕೊಂಡೆ. ಕಂಪ್ಯೂಟರಿನಲ್ಲಿ ತೆರೆದು, ಆ ಪಟದ ಮೇಲೆಯೇ ನೇರವಾಗಿ ಕುಂಚ ಆಡಿಸತೊಡಗಿದೆ. ಎರಡು ರಾತ್ರಿ ಕೂತು ಬಿರುಕು ಮುಚ್ಚಿದೆ, ಕಲೆಗಳನ್ನೆಲ್ಲ ಒಂದೊಂದಾಗಿ ಒರೆಸಿದೆ, ಗಡ್ಡದ ಮೇಲಿನ ಮಬ್ಬು ತೆಗೆದೆ. ಮುಖ ಹೊಳೆಯಿತು. ಅದೇ ಹೆಸರಿನಲ್ಲಿ ಉಳಿಸಿ, ದೊಡ್ಡದಾಗಿ ಮುದ್ರಿಸಿ, ಕಟ್ಟು ಹಾಕಿಸಿಟ್ಟೆ. ಆ ತಾಯಿ ಬಂದು ಪಟವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಎಲ್ಲ ಚೆನ್ನಾಗೈತೆ ಅಣ್ಣಾ. ಕಣ್ಣಿನ ಕೆಳಗೆ ಇವ್ರಿಗೊಂದು ಮಚ್ಚೆ ಇತ್ತು. ಅದು ಎಲ್ಲೋಯ್ತು?" ಎಂದರು.

ಕಲೆಗಳ ಜೊತೆಯಲ್ಲಿ ಮಚ್ಚೆಯನ್ನೂ ನಾನು ಒರೆಸಿಬಿಟ್ಟಿದ್ದೆ. ಯಾವುದು ಕಾಗದದ ಕಲೆ, ಯಾವುದು ಮನುಷ್ಯನ ಮಚ್ಚೆ ಎಂದು ಕೇಳುವ ಬುದ್ಧಿ ನನಗೆ ಬಂದಿರಲಿಲ್ಲ. ಸರಿ, ಮೂಲ ಪಟ ನೋಡಿ ಮತ್ತೆ ಮಾಡೋಣವೆಂದರೆ, ಸ್ಕ್ಯಾನ್ ಆದಮೇಲೆ ಅವರ ಮಗ ಅದನ್ನು ಮನೆಗೆ ಒಯ್ದು ಗೋಡೆಯ ಗೂಡಿನಲ್ಲಿಟ್ಟಿದ್ದ. ಆ ವಾರವೇ ಮಳೆಗೆ ಸೂರು ಸೋರಿ, ಪಟ ಕೆಳಗಿನ ಕಾಗದಕ್ಕೆ ಅಂಟಿಕೊಂಡು, ಬಿಡಿಸಹೋದರೆ ಮುಖವೇ ಕಿತ್ತುಬಂದಿತ್ತು. ಸ್ಕ್ಯಾನ್ ಮಾಡಿದ ಪ್ರತಿಯಾದರೂ ಇದೆಯಲ್ಲ ಎಂದು ಯಂತ್ರದಲ್ಲಿ ಹುಡುಕಿದರೆ, ಅದರ ಮೇಲೆಯೇ ನಾನು ತಿದ್ದಿ ಉಳಿಸಿದ್ದೆ. ಆ ಮನುಷ್ಯರ ಮೊದಲಿನ ಮುಖ ಅವರ ಮನೆಯಲ್ಲೂ ಇಲ್ಲ, ನನ್ನ ಯಂತ್ರದಲ್ಲೂ ಇಲ್ಲ ಎಂದಾಯಿತು.

ನಾನು ಉಪಯೋಗಿಸುತ್ತಿದ್ದುದು ಫೋಟೋಶಾಪ್ ಎಂಬ ತಂತ್ರಾಂಶ. ಅದಕ್ಕೆ ಪದರಗಳು ಬಂದದ್ದು 1994ರಲ್ಲಿ, ಮೂರನೆಯ ಆವೃತ್ತಿಯಲ್ಲಿ. ಅಂದರೆ 12 ವರ್ಷದಿಂದ ಆ ಅನುಕೂಲ ಪರದೆಯ ಮೂಲೆಯಲ್ಲೇ ಕೂತಿತ್ತು. ನಾನು ಆ ಕಡೆ ನೋಡಿರಲಿಲ್ಲ.

ಪದರ ಎಂದರೇನು? ತಾಯಂದಿರು ದಿನವೂ ಮಾಡುವ ಕೆಲಸದಿಂದಲೇ ಹೇಳುತ್ತೇನೆ. ಬಾಗಿಲ ಮುಂದೆ ರಂಗೋಲಿ ಹಾಕುತ್ತೀರಿ. ಎಳೆ ಎಳೆದು, ಬಣ್ಣದ ಪುಡಿ ತುಂಬುತ್ತೀರಿ. ಕೆಂಪು ಪುಡಿ ಜಾರಿ ಹಳದಿಯ ಮೇಲೆ ಬಿತ್ತೆಂದರೆ ಅದನ್ನು ಬೇರೆ ಮಾಡಲು ಬರುತ್ತದೆಯೇ? ಬರುವುದಿಲ್ಲ. ಆ ಜಾಗವನ್ನೆಲ್ಲ ಒರೆಸಿ ಮತ್ತೆ ಹಾಕಬೇಕು, ಒರೆಸುವಾಗ ಪಕ್ಕದ ಎಳೆಯೂ ಹೋಗುತ್ತದೆ. ಎಲ್ಲವೂ ಒಂದೇ ನೆಲದ ಮೇಲಿದೆ, ಅದೇ ಕಾರಣ. ನಾನು ಆ ಪಟದ ಮೇಲೆ ಮಾಡಿದ್ದು ಇಂಥದೇ ಕೆಲಸ.

ಇನ್ನು ಕಸೂತಿ ಹಾಕುವವರು ಏನು ಮಾಡುತ್ತಾರೆ? ನಮೂನೆಯ ಪುಸ್ತಕದ ಮೇಲೆ ತೆಳ್ಳನೆಯ ಟ್ರೇಸಿಂಗ್ ಕಾಗದ ಇಟ್ಟು, ಕೆಳಗೆ ಕಾಣುವ ಹೂವನ್ನು ಮೇಲೆ ಬರೆದುಕೊಳ್ಳುತ್ತಾರೆ. ಗೆರೆ ತಪ್ಪಿದರೆ ಮೇಲಿನ ಕಾಗದವನ್ನು ಎಸೆದು ಇನ್ನೊಂದು ಇಟ್ಟುಕೊಳ್ಳಬಹುದು. ಕೆಳಗಿನ ಪುಸ್ತಕಕ್ಕೆ ಏನೂ ಆಗುವುದಿಲ್ಲ. ಒಂದು ಕಾಗದದಲ್ಲಿ ಬಳ್ಳಿ, ಇನ್ನೊಂದರಲ್ಲಿ ಹಕ್ಕಿ ಬರೆದು, ಒಂದರ ಮೇಲೊಂದು ಇಟ್ಟು ನೋಡಿ, ಹಕ್ಕಿಯನ್ನು ಅತ್ತಿತ್ತ ಸರಿಸಿ ಎಲ್ಲಿ ಚೆಂದವೋ ಅಲ್ಲಿ ನಿಲ್ಲಿಸಬಹುದು. ಕಂಪ್ಯೂಟರಿನ ಪದರ ಎಂಬುದು ಈ ಕಾಗದವೇ. ಆದರೆ ಇದು ಗಾಜಿನಷ್ಟು ತಿಳಿ. ಬರೆದ ಕಡೆ ಮಾತ್ರ ಬಣ್ಣ ಕಾಣುತ್ತದೆ, ಬರೆಯದ ಕಡೆ ಕೆಳಗಿನದು ಹಾಗೆಯೇ ತೋರುತ್ತದೆ.

ಈ ಉಪಾಯ ಕಂಪ್ಯೂಟರಿನವರು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಸಿನಿಮಾದಲ್ಲಿ ಓಡಾಡುವ ಚಿತ್ರಗಳನ್ನು ಬರೆಯುತ್ತಿದ್ದವರು, ಗಿಡ ಮರ ಮನೆಗಳನ್ನು ಪ್ರತಿಸಲವೂ ಬರೆಯುವ ಕಷ್ಟ ತಾಳಲಾರದೆ, ಹಿನ್ನೆಲೆಯನ್ನು ಒಂದೇ ಸಲ ಬರೆದು, ಅದರ ಮೇಲೆ ಪಾರದರ್ಶಕವಾದ ಸೆಲ್ಯುಲಾಯಿಡ್ ಹಾಳೆ ಇಟ್ಟು ಅದರಲ್ಲಿ ಓಡುವ ಮನುಷ್ಯನನ್ನಷ್ಟೇ ಬದಲಾಯಿಸುತ್ತ ಹೋದರು. ಅಮೆರಿಕದ ಅರ್ಲ್ ಹರ್ಡ್ ಎಂಬುವರು ಈ ವಿಧಾನದ ಹಕ್ಕಿಗೆ ಅರ್ಜಿ ಹಾಕಿದ್ದು 1914ರಲ್ಲಿ. 1937ರ ವೇಳೆಗೆ ವಾಲ್ಟ್ ಡಿಸ್ನಿಯವರ ಕಾರ್ಖಾನೆಯಲ್ಲಿ ಗಾಜಿನ ಹಾಳೆಗಳನ್ನು ಒಂದರ ಕೆಳಗೊಂದು ಅಂತರ ಬಿಟ್ಟು ಜೋಡಿಸಿ ಮೇಲಿನಿಂದ ಚಿತ್ರ ತೆಗೆಯುವ ದೊಡ್ಡ ಕ್ಯಾಮರಾ ಕೆಲಸ ಮಾಡುತ್ತಿತ್ತು. ಚೀಲದ ಮೇಲೆ ಅಚ್ಚು ಹಾಕುವ ನನ್ನ ಕೆಲಸದಲ್ಲೂ ಪ್ರತಿ ಬಣ್ಣಕ್ಕೆ ಬೇರೆಯೇ ಚೌಕಟ್ಟು ಕಟ್ಟುತ್ತೇವೆ. ಕೆಂಪಿನದು ಕೆಟ್ಟರೆ ಕೆಂಪಿನ ಚೌಕಟ್ಟನ್ನಷ್ಟೇ ಹೊಸದಾಗಿ ಕಟ್ಟಿದರಾಯಿತು. ಕೈಯಿಂದ ಇದನ್ನೇ ದಿನವೂ ಮಾಡುತ್ತಿದ್ದವನಿಗೆ ಕಂಪ್ಯೂಟರಿನ ಮುಂದೆ ಕೂತಾಗ ಹೊಳೆಯಲಿಲ್ಲ ನೋಡಿ.

ಪದರ ಬರುವ ಮೊದಲು ಕಂಪ್ಯೂಟರಿನಲ್ಲಿ ಕೆಲಸ ಮಾಡಿದವರ ಪಾಡು ಕೇಳಿದರೆ ನಮ್ಮ ಕಷ್ಟ ಏನೂ ಅಲ್ಲ ಎನಿಸುತ್ತದೆ. ಫೋಟೋಶಾಪ್ ಮೊದಲು ಮಾರಾಟಕ್ಕೆ ಬಂದದ್ದು 1990ರಲ್ಲಿ. ಒಂದು ಪಟದ ಮೇಲೆ ಇನ್ನೊಂದನ್ನು ತಂದಿಟ್ಟರೆ, ಕೈಯಲ್ಲಿ ಹಿಡಿದಿರುವವರೆಗೆ ಮಾತ್ರ ಅದು ಬೇರೆ. ಕೈಬಿಟ್ಟೊಡನೆ ಕೆಳಗಿನದಕ್ಕೆ ಅಂಟಿಹೋಗುತ್ತಿತ್ತು. ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದೇ ಒಂದು ಹೆಜ್ಜೆಯ ಅವಕಾಶವಿತ್ತು. ಹಲವು ಹೆಜ್ಜೆ ಹಿಂದಕ್ಕೆ ಹೋಗುವ ಸೌಕರ್ಯ ಬಂದದ್ದು 1998ರಲ್ಲಿ. ಟೈಪು ಮಾಡಿದ ಅಕ್ಷರವನ್ನು ಆಮೇಲೂ ಅಕ್ಷರವಾಗಿಯೇ ತಿದ್ದುವ ಅನುಕೂಲವೂ ಆಗಲೇ ಬಂದಿತು.

ಫೋಟೋಶಾಪ್‌ಗೆ ಹಣ ಕೊಡಬೇಕು. ಶಿಬಿರದ ಯಂತ್ರಗಳಲ್ಲಿ ಹಾಕಿರುವುದು ಗಿಂಪ್ ಎಂಬ ತಂತ್ರಾಂಶ. ಇದಕ್ಕೆ ಕಾಸು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅಮೆರಿಕದ ಬರ್ಕ್‌ಲಿಯ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ಇದನ್ನು ಬರೆಯಲು ಶುರುಮಾಡಿದರು. ಇದರ ಮೂರನೆಯ ಆವೃತ್ತಿ 2025ರ ಮಾರ್ಚಿಯಲ್ಲಿ ಹೊರಬಂದಿದೆ. ನಾನು ಹೇಳುವ ಮಾತುಗಳಲ್ಲಿ ಹೆಚ್ಚಿನವು ಎರಡಕ್ಕೂ ಸಲ್ಲುತ್ತವೆ.

ಗಿಂಪ್‌ನಲ್ಲಿ ಒಂದು ಪಟ ತೆರೆದಾಗ ಬಲಗಡೆ ಒಂದು ಪಟ್ಟಿ ಕಾಣುತ್ತದೆ. ಅದೇ ಪದರಗಳ ಪಟ್ಟಿ. ಪಟ್ಟಿಯಲ್ಲಿ ಮೇಲಿರುವುದು ಪಟದಲ್ಲೂ ಮೇಲಿರುತ್ತದೆ, ಕೆಳಗಿರುವುದನ್ನು ಮುಚ್ಚುತ್ತದೆ. ಪ್ರತಿಯೊಂದರ ಪಕ್ಕದಲ್ಲೂ ಒಂದು ಕಣ್ಣಿನ ಗುರುತು ಉಂಟು. ಕಣ್ಣನ್ನು ಒತ್ತಿದರೆ ಆ ಪದರ ಮರೆಯಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಬರುತ್ತದೆ. ಮರೆಯಾದದ್ದು ಅಳಿದಂತಲ್ಲ. ಕೆಳಗೆ ಯಾವ ಪದರವೂ ಇಲ್ಲದ ತಿಳಿಜಾಗ ಚದುರಂಗದ ಹಾಸಿನಂತೆ ಬೂದುಬಣ್ಣದ ಚೌಕಗಳಾಗಿ ಕಾಣುತ್ತದೆ. ಅದನ್ನು ನೋಡಿ ಪಟ ಕೆಟ್ಟಿತೆಂದು ಹೆದರಬೇಡಿ. ಇಲ್ಲಿ ಏನೂ ಇಲ್ಲ ಎಂಬುದನ್ನು ಯಂತ್ರ ತೋರಿಸುವ ರೀತಿ ಅದು.

ಹೊಸಬರು ನನ್ನನ್ನು ಹೆಚ್ಚಾಗಿ ಕೇಳುವ ದೂರು ಎರಡು. ಮೊದಲನೆಯದು, "ಎಷ್ಟು ಬರೆದರೂ ಕಾಣಿಸುತ್ತಿಲ್ಲ" ಎಂಬುದು. ಅವರು ಆರಿಸಿಕೊಂಡಿರುವ ಪದರ ಬೇರೆ, ಬರೆಯುತ್ತಿದ್ದೇನೆಂದು ತಿಳಿದಿರುವ ಪದರ ಬೇರೆ. ಕೆಳಗಿನ ಹಾಳೆಯ ಮೇಲೆ ಬರೆದರೆ ಮೇಲಿನ ಹಾಳೆ ಅದನ್ನು ಮುಚ್ಚಿರುತ್ತದೆ. ಕುಂಚ ಹಿಡಿಯುವ ಮುನ್ನ ಪಟ್ಟಿಯ ಕಡೆ ಒಮ್ಮೆ ಕಣ್ಣು ಹಾಯಿಸಿದರೆ ಈ ತೊಂದರೆ ತಪ್ಪುತ್ತದೆ. ಎರಡನೆಯದು, "ರಬ್ಬರಿನಿಂದ ಅಳಿಸಿದರೆ ಕೆಳಗಿನದು ಕಾಣುವ ಬದಲು ಬಿಳಿ ಬಣ್ಣ ಬರುತ್ತದೆ" ಎಂಬುದು. ಫೋನಿನಿಂದ ಬಂದ ಫೋಟೋವಿನ ಪದರಕ್ಕೆ ತಿಳಿಯಾಗುವ ಗುಣವೇ ಇರುವುದಿಲ್ಲ. ಪದರದ ಮೇಲೆ ಬಲಗಡೆಯ ಗುಂಡಿ ಒತ್ತಿ ಆಲ್ಫಾ ಚಾನೆಲ್ ಎಂಬುದನ್ನು ಸೇರಿಸಿದರೆ ಆ ಗುಣ ಬರುತ್ತದೆ.

ಆಲ್ಫಾ ಎಂದರೆ ಬೇರೇನಲ್ಲ. ಕಂಪ್ಯೂಟರಿನ ಪಟ ಎಂಬುದು ಸಾವಿರಾರು ಸಣ್ಣ ಚುಕ್ಕಿಗಳ ನೇಯ್ಗೆ. ಪ್ರತಿ ಚುಕ್ಕಿಗೂ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಮೂರು ಅಂಕಿ ಇರುತ್ತವೆ. ನಾಲ್ಕನೆಯ ಅಂಕಿ ಆ ಚುಕ್ಕಿ ಎಷ್ಟು ಗಟ್ಟಿ, ಎಷ್ಟು ತಿಳಿ ಎಂಬುದನ್ನು ಹೇಳುತ್ತದೆ. ಮೇಲಿನ ಪದರದ ಗಟ್ಟಿತನವನ್ನು 100ರಿಂದ 60ಕ್ಕೆ ಇಳಿಸಿದರೆ, ಪ್ರತಿ ಚುಕ್ಕಿಯಲ್ಲೂ ಮೇಲಿನ ಬಣ್ಣದ 60 ಪಾಲು, ಕೆಳಗಿನದರ 40 ಪಾಲು ಸೇರಿ ಕಾಣುತ್ತದೆ. ಡಿಕಾಕ್ಷನ್ನಿಗೆ ಹಾಲು ಬೆರೆಸುವ ಲೆಕ್ಕವೇ ಸರಿ. ಆದರೆ ಕಾಫಿಯಾದ ಮೇಲೆ ಹಾಲನ್ನು ಹಿಂದಕ್ಕೆ ತೆಗೆಯಲಾರಿರಿ, ಇಲ್ಲಿ ತೆಗೆಯಬಹುದು. ಬೆರೆತಂತೆ ಕಾಣುತ್ತದೆಯೇ ಹೊರತು ಎರಡೂ ಬೇರೆಬೇರೆಯೇ ಉಳಿದಿರುತ್ತವೆ.

ಬೆರೆಯುವುದರಲ್ಲಿ ಇನ್ನೂ ಹಲವು ಬಗೆಗಳಿವೆ. ಎಲ್ಲವನ್ನೂ ಹೇಳಹೋಗುವುದಿಲ್ಲ. ಒಂದನ್ನು ಮಾತ್ರ ಹೇಳುತ್ತೇನೆ, ಅದು ದಿನವೂ ಬೇಕಾಗುತ್ತದೆ. ತೊಗಲು ಗೊಂಬೆಯಾಟ ನೋಡಿದ್ದೀರಷ್ಟೆ. ಹದಮಾಡಿ ತೆಳ್ಳಗೆ ಮಾಡಿದ ತೊಗಲಿಗೆ ಬಣ್ಣ ಹಾಕಿರುತ್ತಾರೆ, ಹಿಂದಿನ ದೀಪದ ಬೆಳಕು ಅದರೊಳಗಿಂದ ಹಾಯ್ದು ಪರದೆಯ ಮೇಲೆ ಬೀಳುತ್ತದೆ. ಎರಡು ಗೊಂಬೆ ಒಂದರ ಮೇಲೊಂದು ಬಂದರೆ ಆ ಜಾಗ ಇನ್ನೂ ಕಪ್ಪಾಗುತ್ತದೆ, ಏಕೆಂದರೆ ಎರಡೂ ತೊಗಲು ಬೆಳಕನ್ನು ತಡೆಯುತ್ತವೆ. ಗೊಂಬೆಯೇ ಇಲ್ಲದ ಕಡೆ ಬೆಳಕು ಪೂರ್ತಿ ಬರುತ್ತದೆ. ಮಲ್ಟಿಪ್ಲೈ, ಅಂದರೆ ಗುಣಾಕಾರ ಎಂಬ ಬಗೆ ಮಾಡುವುದು ಇದನ್ನೇ. ಪ್ರತಿ ಬಣ್ಣಕ್ಕೂ 0ಯಿಂದ 255ರವರೆಗೆ ಅಂಕಿ. ಮೇಲೆ 200, ಕೆಳಗೆ 100 ಇದ್ದರೆ ಅವೆರಡನ್ನು ಗುಣಿಸಿ 255ರಿಂದ ಭಾಗಿಸುತ್ತದೆ, ಸುಮಾರು 78 ಬರುತ್ತದೆ, ಎರಡಕ್ಕಿಂತಲೂ ಕಪ್ಪು. ಮೇಲೆ ಅಚ್ಚಬಿಳಿ, ಎಂದರೆ 255 ಇದ್ದರೆ ಕೆಳಗಿನದು ಇದ್ದಂತೆಯೇ ಉಳಿಯುತ್ತದೆ. ಬಿಳಿ ಕಾಗದದ ಮೇಲೆ ಶಾಯಿಯಲ್ಲಿ ಬರೆದ ಚಿತ್ರವನ್ನು ಸ್ಕ್ಯಾನ್ ಮಾಡಿ, ಬಣ್ಣದ ಹಿನ್ನೆಲೆಯ ಮೇಲಿಟ್ಟು ಈ ಬಗೆಯನ್ನು ಆರಿಸಿದರೆ, ಕಾಗದದ ಬಿಳುಪು ಮಾಯವಾಗಿ ಗೆರೆ ಮಾತ್ರ ನಿಲ್ಲುತ್ತದೆ. ಮಕ್ಕಳು ಬರೆದ ಚಿತ್ರವನ್ನು ಜಾತ್ರೆಯ ಕರಪತ್ರಕ್ಕೆ ಹಾಕಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಯಾರದೋ ರುಜುವನ್ನು ಯಾವುದೋ ಕಾಗದದ ಮೇಲೆ ಕೂರಿಸುವುದಕ್ಕೂ ಇಷ್ಟೇ ಸುಲಭ. ಆದುದರಿಂದ ಫೋನಿನಲ್ಲಿ ಬಂದ ರುಜುವಿನ ಕಾಗದ ನೋಡಿ ಹಣ ಕೊಡುವವರು ಮೂಲ ಕಾಗದ ಕೇಳತಕ್ಕದ್ದು.

ಇನ್ನು ಮುಸುಕು. ಲೇಯರ್ ಮಾಸ್ಕ್ ಎನ್ನುವುದು ಇದನ್ನೇ. ರಬ್ಬರಿನಿಂದ ಅಳಿಸಿದ್ದು ಹೋಯಿತು, ಮುಸುಕು ಹಾಕಿದ್ದು ಮರೆಯಲ್ಲಿದೆ. ಪದರಕ್ಕೆ ಮುಸುಕು ಸೇರಿಸಿದಾಗ ಅದರ ಪಕ್ಕದಲ್ಲೇ ಒಂದು ಬಿಳಿ ಚೌಕ ಬರುತ್ತದೆ. ಅದರ ಮೇಲೆ ಕಪ್ಪು ಬಳಿದ ಕಡೆ ಪದರ ಕಾಣುವುದಿಲ್ಲ, ಬಿಳಿ ಬಳಿದ ಕಡೆ ಕಾಣುತ್ತದೆ, ಬೂದು ಬಳಿದರೆ ಅರೆಬರೆ. ಹೆಚ್ಚು ಕತ್ತರಿಸಿದೆ ಎನಿಸಿದರೆ ಬಿಳಿ ಬಳಿದು ವಾಪಸು ತರಬಹುದು, ಇಂದಲ್ಲದಿದ್ದರೆ ಮುಂದಿನ ವರ್ಷವಾದರೂ. ಆ ರಾತ್ರಿ ನಾನು ಕಲೆಗಳನ್ನು ಮುಚ್ಚುವ ಕೆಲಸವನ್ನು ಬೇರೆ ಪದರದಲ್ಲಿ ಮಾಡಿ ಮುಸುಕು ಇಟ್ಟಿದ್ದರೆ, ಮಚ್ಚೆಯ ಜಾಗದಲ್ಲಿ ಒಂದು ಕಪ್ಪು ಚುಕ್ಕಿ ಬಳಿದಿದ್ದರೆ ಸಾಕಿತ್ತು, ಮಚ್ಚೆ ಎದ್ದು ಬರುತ್ತಿತ್ತು.

ಹಾಗಾದರೆ ಹಳೆಯ ಪಟ ಬಂದಾಗ ಮಾಡಬೇಕಾದುದೇನು? ನಾನು ಈಗ ಮಾಡುವ ಕ್ರಮ ಹೇಳುತ್ತೇನೆ. ಪಟವನ್ನು ಒಂದು ಅಂಗುಲಕ್ಕೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿ, ಆ ಕಡತವನ್ನು ಒಂದು ಕಡೆ ಎತ್ತಿಟ್ಟುಬಿಡುತ್ತೇನೆ. ಅದರ ಪ್ರತಿಯನ್ನು ಗಿಂಪ್‌ನಲ್ಲಿ ತೆರೆದು, ಕೆಳಗಿನ ಪದರಕ್ಕೆ "ಮೂಲ" ಎಂದು ಹೆಸರಿಟ್ಟು ಬೀಗದ ಗುರುತು ಒತ್ತುತ್ತೇನೆ. ಆಮೇಲೆ ಕೈತಪ್ಪಿಯೂ ಅದರ ಮೇಲೆ ಬರೆಯಲಾಗದು. ಅದರ ಮೇಲೆ ಒಂದು ತಿಳಿಪದರ ಮಾಡಿ "ಬಿರುಕು" ಎಂದು ಹೆಸರು. ಕ್ಲೋನ್ ಎಂಬ ಉಪಕರಣ ಆರಿಸಿ, ಅದರ ಆಯ್ಕೆಗಳಲ್ಲಿ ಸ್ಯಾಂಪಲ್ ಮರ್ಜ್ಡ್ ಎಂಬಲ್ಲಿ ಗುರುತು ಹಾಕಿದರೆ, ಕೆಳಗಿನ ಪಟದಿಂದ ಬಣ್ಣ ತೆಗೆದುಕೊಂಡು ಮೇಲಿನ ಖಾಲಿ ಪದರದ ಮೇಲೆ ಹಚ್ಚುತ್ತದೆ. ಗೋಡೆಯ ಬಿರುಕಿಗೆ ಅದೇ ಗೋಡೆಯ ಮಣ್ಣು ಮೆತ್ತಿದಂತೆ. ಕಲೆಗೆ ಇನ್ನೊಂದು ಪದರ. ಬೆಳಕು ಹೆಚ್ಚುಕಡಿಮೆ ಮಾಡುವುದಿದ್ದರೆ ಅದಕ್ಕೊಂದು. ಹೆಸರಿಡದೆ ಬಿಟ್ಟರೆ ನಾಲ್ಕು ದಿನದ ನಂತರ ಯಾವುದು ಏನೆಂದು ನಿಮಗೇ ತಿಳಿಯದು. ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಯಂತ್ರಕ್ಕೆ ಬೇಸರವಿಲ್ಲ.

ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದು ಕಲೆಯೋ ಮಚ್ಚೆಯೋ, ಇದು ಗಾಯದ ಗುರುತೋ ಮಡಿಕೆಯೋ" ಎಂದು ಕೇಳುವುದನ್ನು ಯಾವ ತಂತ್ರಾಂಶವೂ ಮಾಡುವುದಿಲ್ಲ. ಅದನ್ನು ನೀವೇ ಮಾಡಬೇಕು.

ಪದರಗಳಿಂದ ಯಂತ್ರಕ್ಕೆ ಭಾರವೂ ಉಂಟು. 4 ಅಂಗುಲಕ್ಕೆ 6 ಅಂಗುಲದ ಪಟವನ್ನು ಹೀಗೆ ಸ್ಕ್ಯಾನ್ ಮಾಡಿದರೆ 2400ಕ್ಕೆ 3600, ಎಂದರೆ 86 ಲಕ್ಷದ 40 ಸಾವಿರ ಚುಕ್ಕಿ. ಚುಕ್ಕಿಗೆ ನಾಲ್ಕು ಅಂಕಿಯಂತೆ ಪೂರ್ತಿ ಅಳತೆಯ ಒಂದು ಪದರಕ್ಕೆ ಸುಮಾರು 35 ಮೆಗಾಬೈಟ್ ಸ್ಮರಣೆ ಹಿಡಿಯುತ್ತದೆ. ಹಳೆಯ ಯಂತ್ರದಲ್ಲಿ 30 ಪದರ ಮಾಡಿದರೆ ಎತ್ತು ಏರಿಯಲ್ಲಿ ನಿಂತಂತೆ ನಿಲ್ಲುತ್ತದೆ. ಬೇಡದ್ದನ್ನು ತೆಗೆಯಿರಿ. "ಮೂಲ"ವನ್ನು ಮಾತ್ರ ತೆಗೆಯಬೇಡಿ.

ಉಳಿಸುವ ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಗಿಂಪ್‌ನಲ್ಲಿ ಸೇವ್ ಎಂದು ಒತ್ತಿದರೆ ಎಕ್ಸ್‌ಸಿಎಫ್ ಎಂಬ ಬಗೆಯ ಕಡತವಾಗುತ್ತದೆ. ಪದರ, ಮುಸುಕು, ಹೆಸರು ಎಲ್ಲ ಅದರಲ್ಲಿ ಇದ್ದಂತೆಯೇ ಉಳಿಯುತ್ತವೆ. ಫೋಟೋಶಾಪ್‌ನಲ್ಲಿ ಇದಕ್ಕೆ ಸಮನಾದದ್ದು ಪಿಎಸ್‌ಡಿ. ಮುದ್ರಣಕ್ಕೋ ಫೋನಿಗೋ ಕಳುಹಿಸಲು ಬೇಕಾದ ಜೆಪೆಗ್ ಕಡತಕ್ಕೆ ಎಕ್ಸ್‌ಪೋರ್ಟ್ ಎಂಬ ಬೇರೆ ಆಜ್ಞೆ. ಜೆಪೆಗ್‌ನಲ್ಲಿ ಪದರವಿಲ್ಲ, ತಿಳಿಜಾಗವೂ ಇಲ್ಲ. ಪಿಎನ್‌ಜಿಯಲ್ಲಿ ತಿಳಿಜಾಗ ಉಳಿಯುತ್ತದೆ, ಪದರ ಉಳಿಯುವುದಿಲ್ಲ. ಓವರ್‌ರೈಟ್ ಎಂದು ಇನ್ನೊಂದು ಆಜ್ಞೆ ಅಲ್ಲೇ ಪಕ್ಕದಲ್ಲಿದೆ. ಅದು ತೆರೆದ ಪಟದ ಮೇಲೆಯೇ ಬರೆಯುತ್ತದೆ. ನನ್ನ ಕೈಯಿಂದ ಆ ಅನಾಹುತ ಮಾಡಿಸಿದ್ದು ಇಂಥದೇ ಗುಂಡಿ. ಅದರ ತಂಟೆಗೆ ಹೋಗಬೇಡಿ.

ಚಟ್ನಿಪುಡಿ, ಹಪ್ಪಳ ಮಾಡಿ ಮಾರುವ ತಾಯಂದಿರಿಗೆ ಇದರಿಂದ ಆಗುವ ಲಾಭ ಹೇಳುತ್ತೇನೆ. ನಿಮ್ಮ ಪೊಟ್ಟಣದ ಚೀಟಿಯಲ್ಲಿ ಸಂಘದ ಹೆಸರು, ಚಿತ್ರ, ಆಹಾರ ಸುರಕ್ಷತೆಯ 14 ಅಂಕಿಯ ಸಂಖ್ಯೆ ಬದಲಾಗುವುದಿಲ್ಲ. ತೂಕ, ಬೆಲೆ, ತಯಾರಾದ ದಿನ ಬದಲಾಗುತ್ತವೆ. ಇವನ್ನು ಬೇರೆಬೇರೆ ಅಕ್ಷರದ ಪದರಗಳಾಗಿ ಇಟ್ಟರೆ, ಹೊಸ ಬೆಲೆಯನ್ನು ಎರಡು ನಿಮಿಷದಲ್ಲಿ ಟೈಪು ಮಾಡಬಹುದು. ಒಂದು ಸಂಘದ ಚೀಟಿಯನ್ನು ಒಬ್ಬ ಹುಡುಗ ಚೆನ್ನಾಗಿಯೇ ಮಾಡಿಕೊಟ್ಟಿದ್ದ. ಜೆಪೆಗ್ ಮಾತ್ರ ಇಟ್ಟುಕೊಂಡು ಪದರದ ಕಡತ ಅಳಿಸಿದ. ಮುಂದಿನ ತಿಂಗಳು ದಿನಾಂಕದ ಮೇಲೆ ಬಿಳಿ ತೇಪೆ ಹಾಕಿ ಹೊಸದನ್ನು ಬರೆದ. ಹಿನ್ನೆಲೆ ಕೆನೆಬಣ್ಣ, ತೇಪೆ ಅಚ್ಚಬಿಳಿ. ಹಳೆಯ ಮಾಲಿಗೆ ಹೊಸ ತಾರೀಖು ಅಂಟಿಸಿದ್ದಾರೆಂದು ಅಂಗಡಿಯವರು ಒಂದು ಗೋಣಿ ಪುಡಿಯನ್ನು ವಾಪಸು ಕಳುಹಿಸಿದರು. ಪುಡಿ ಅಂದಿನದೇ ಆಗಿತ್ತು.

ಅಕ್ಷರದ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಮುದ್ರಣಾಲಯಗಳಲ್ಲಿ ಇನ್ನೂ ನುಡಿಯ ಹಳೆಯ ಅಕ್ಷರಶೈಲಿಗಳು ಬಳಕೆಯಲ್ಲಿವೆ. ಅವುಗಳಲ್ಲಿ ಟೈಪು ಮಾಡಿದ್ದು, ಆ ಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡ್ ಕನ್ನಡದಲ್ಲಿ ಟೈಪು ಮಾಡುವುದು ಲೇಸು. ಫೋಟೋಶಾಪ್‌ನಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿದ್ದರೆ, ಅಕ್ಷರ ಜೋಡಿಸುವ ಏರ್ಪಾಡನ್ನು ದಕ್ಷಿಣ ಏಷ್ಯಾದ ಭಾಷೆಗಳಿಗೆ ಬದಲಾಯಿಸಬೇಕು. ಮುದ್ರಣಾಲಯಕ್ಕೆ ಪದರಗಳನ್ನೆಲ್ಲ ಸೇರಿಸಿದ ಪ್ರತಿಯನ್ನೇ ಕೊಡಿ, ಅಕ್ಷರ ಕೆಡುವ ಭಯವಿರುವುದಿಲ್ಲ. ಪದರದ ಕಡತ ನಿಮ್ಮಲ್ಲಿರಲಿ.

ಫೋನಿನಲ್ಲಿ ಒಂದು ಫೋಟೋ ತೋರಿಸಿ, "ಮುಂದೆ ನಿಂತಿರುವವನನ್ನು ತೆಗೆದು ಹಿಂದಿರುವ ನಮ್ಮ ಅಜ್ಜಿಯನ್ನು ಪೂರ್ತಿ ತೋರಿಸಿ" ಎಂದು ಕೇಳುವವರು ತಿಂಗಳಿಗೊಬ್ಬರಾದರೂ ಬರುತ್ತಾರೆ. ಪದರದ ವಿಷಯ ಅರ್ಧ ಕೇಳಿಸಿಕೊಂಡವರು ಇವರು. ಕ್ಯಾಮರಾ ತೆಗೆದ ಪಟದಲ್ಲಿ ಇರುವುದು ಒಂದೇ ಪದರ. ಮುಂದಿನವನ ಹಿಂದೆ ಅಜ್ಜಿ ಇರುವುದಿಲ್ಲ, ಅಲ್ಲಿ ಏನೂ ಇರುವುದಿಲ್ಲ. ಈಚೆಗೆ ಕೃತಕ ಬುದ್ಧಿಯ ಯಂತ್ರಗಳು ಆ ಜಾಗವನ್ನು ಊಹಿಸಿ ತುಂಬಿಕೊಡುತ್ತವೆ, ಮಸುಕಾದ ಮುಖಕ್ಕೆ ಕಣ್ಣುಮೂಗು ಬರೆದುಕೊಡುತ್ತವೆ, ನೋಡಲು ಬಲು ಚೆಂದ. ಆದರೆ ಅದು ಯಾರದೋ ಕಣ್ಣು. ಬೇಕೆನ್ನುವವರಿಗೆ ಮಾಡಿಕೊಡಿ, ನನ್ನ ಅಭ್ಯಂತರವಿಲ್ಲ. ಅದನ್ನು ಬೇರೆ ಪದರದಲ್ಲಿಟ್ಟು, "ಊಹೆ" ಎಂದು ಹೆಸರು ಬರೆದು, ಅದರ ಕಣ್ಣು ಮುಚ್ಚಿದರೆ ನಿಜವಾದದ್ದು ಎಷ್ಟು ಉಳಿಯುತ್ತದೆ ಎಂಬುದನ್ನು ಮನೆಯವರಿಗೆ ತೋರಿಸಿ ಕೊಡಿ.

ಆ ತಾಯಿಯ ವಿಷಯಕ್ಕೆ ಮತ್ತೆ ಬರುತ್ತೇನೆ. ಪದರದ ಕೆಲಸ ಕಲಿತಮೇಲೆ, 2011ರಲ್ಲಿ, ನಾನೇ ಅವರ ಮನೆಗೆ ಹೋಗಿ ಕರೆದುಕೊಂಡು ಬಂದೆ. ಯಂತ್ರದ ಮುಂದೆ ಸ್ಟೂಲು ಹಾಕಿ ಕೂರಿಸಿ, ಒಂದು ತಿಳಿಪದರದ ಮೇಲೆ ಎಳ್ಳುಕಾಳಿನಷ್ಟು ಚುಕ್ಕಿ ಬರೆದು, ಎಲ್ಲಿಡಲಿ ಎಂದು ಕೇಳಿದೆ. "ಈ ಕಡೆ ಅಲ್ಲ, ಆ ಕಡೆ ಕಣ್ಣು. ಇನ್ನೂ ಕೆಳಕ್ಕೆ. ಅಷ್ಟು ಬೇಡ." ಹೀಗೆ ಅವರು ಹೇಳಿದ ಹಾಗೆಲ್ಲ ಪದರವನ್ನು ಸರಿಸುತ್ತ ಹೋದೆ. ಒಂದು ಕಡೆ ಬಂದಾಗ, "ಹಾಂ, ಅಲ್ಲೇ" ಎಂದವರು ಆಮೇಲೆ ಮಾತಾಡಲಿಲ್ಲ. ಆ ಪದರಕ್ಕೆ "ಮಚ್ಚೆ, ಮನೆಯವರು ಹೇಳಿದಂತೆ" ಎಂದು ಹೆಸರಿಟ್ಟೆ.

2019ರಲ್ಲಿ ಅವರ ಮಗ ಬಂದ. ತಂದೆಯ ಸೋದರಮಾವನ ಮನೆಯ ಪೆಟ್ಟಿಗೆಯಲ್ಲಿ ಒಂದು ಮದುವೆಯ ಗುಂಪುಚಿತ್ರ ಸಿಕ್ಕಿತ್ತು. ಹಿಂದಿನ ಸಾಲಿನಲ್ಲಿ ತಂದೆ, ಮುಖ ಬಟಾಣಿಯಷ್ಟು. ದೊಡ್ಡದು ಮಾಡಿ ನೋಡಿದರೆ ಮಚ್ಚೆ ಇತ್ತು. ತಾಯಿ ಹೇಳಿದ ಕಣ್ಣಿನ ಕೆಳಗೇ, ಆದರೆ ಮೂಗಿನ ಕಡೆಗೆ ಇನ್ನೂ ಸ್ವಲ್ಪ ಹತ್ತಿರ. ಎಂಟು ವರ್ಷದ ಹಿಂದಿನ ಕಡತ ತೆರೆದು, ಮಚ್ಚೆಯ ಪದರವನ್ನು ಅಷ್ಟು ದೂರ ಜರುಗಿಸಿದೆ, ಗಾತ್ರವನ್ನೂ ಕೊಂಚ ಇಳಿಸಿದೆ. ಅರ್ಧ ನಿಮಿಷದ ಕೆಲಸ. ಹೆಸರನ್ನು "ಮಚ್ಚೆ, ಗುಂಪುಚಿತ್ರ ನೋಡಿ ಬರೆದದ್ದು" ಎಂದು ತಿದ್ದಿದೆ. ಹೊಸದಾಗಿ ಮುದ್ರಿಸಿದ ಪಟವನ್ನು ಆ ತಾಯಿ ಈಗ ನಡುಮನೆಯಲ್ಲಿ ಹಾಕಿದ್ದಾರೆ. ನಾನು ಬರೆದ ಮಚ್ಚೆ ಅದು, ಅವರ ಯಜಮಾನರದಲ್ಲ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಹಳೆಯ ಕಟ್ಟು ನನ್ನ ಅಂಗಡಿಯಲ್ಲಿದೆ, ಕೆಲಸ ಕಲಿಯಲು ಬರುವ ಹುಡುಗರಿಗೆ ತೋರಿಸುತ್ತೇನೆ.

ಊಟವಾದ ಮೇಲೆ ಯಂತ್ರಗಳ ಮುಂದೆ ಕೂರೋಣ. ಹಳೆಯ ಪಟ ತಂದಿರುವವರು ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳದೆ ಪುಸ್ತಕದ ನಡುವೆ ಇಟ್ಟುಕೊಂಡು ಬನ್ನಿ. ಮೊದಲು ಎಲ್ಲರೂ ಸ್ಕ್ಯಾನ್ ಮಾಡಿ ಒಂದೊಂದು ಪ್ರತಿಯನ್ನು ಎತ್ತಿಡತಕ್ಕದ್ದು. ಅದಾದ ನಂತರವೇ ಕುಂಚ ಹಿಡಿಯುವುದು.